ಮ್ಯಾನೇಜರರ ಹಾವು ಮತ್ತು ನನ್ನ ಐದು ಇಲಿಗಳು

ಬೇಸಿಗೆಯಲ್ಲಿ ಊರಿಗೆ ಹೋಗದೆ ಅಬುಧಾಬಿಯಲ್ಲೇ ಉಳಿದವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಇದನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ನಾನು ಬರೆಯುತ್ತಿರುವುದು ಇದೇ ಮೊದಲು, ಗಲ್ಫ್ ನೋಡದವರೂ ಓದಬಹುದು. ಜುಲೈ ಬಂತೆಂದರೆ ಇಲ್ಲಿ ಶಾಲೆಗಳಿಗೆ ರಜೆ. ಸಂಸಾರಸ್ಥರೆಲ್ಲ ಊರಿನ ವಿಮಾನ ಹತ್ತುತ್ತಾರೆ. ಹತ್ತುವ ಮೊದಲು ಮನೆಯ ಕೀಲಿಕೈಯನ್ನು ಉಳಿದವನ ಕೈಯಲ್ಲಿ ಇಡುತ್ತಾರೆ. ಉಳಿದವನು ಅಂದರೆ, ಹೆಂಡತಿ ಮಕ್ಕಳನ್ನು ಮಂಗಳೂರಿನಲ್ಲಿ ಬಿಟ್ಟು ಇಲ್ಲಿ ಐದಾರು ಜನ ಸೇರಿ ಒಂದೇ ಮನೆಯಲ್ಲಿರುವ ನನ್ನಂಥವನು. "ನಿನಗೇನು, ಒಬ್ಬನೇ ಇದ್ದೀಯಲ್ಲ" ಎನ್ನುತ್ತಾರೆ. ಒಬ್ಬನೇ ಇರುವವನಿಗೆ ಕೆಲಸವೇ ಇರುವುದಿಲ್ಲ ಎಂಬುದು ಸಂಸಾರಸ್ಥರ ಗಟ್ಟಿ ನಂಬಿಕೆ. ಹದಿನಾಲ್ಕು ವರ್ಷಗಳಲ್ಲಿ ನಾನು ಬಾಲ್ಕನಿಯ ಬಸಳೆಗೆ ನೀರು ಹಾಕಿದ್ದೇನೆ, ಗಾಜಿನ ತೊಟ್ಟಿಯ ಮೀನುಗಳಿಗೆ ಆಹಾರ ಹಾಕಿದ್ದೇನೆ, ಒಂದು ಗಿಳಿಗೆ ದಿನಾ ಸಂಜೆ ಅದರ ಯಜಮಾನಿಯ ಧ್ವನಿಯನ್ನು ಫೋನಿನಲ್ಲಿ ಕೇಳಿಸಿದ್ದೇನೆ. ಗಿಳಿಗೆ ಆ ಧ್ವನಿ ಬೇಡವಾಗಿತ್ತು. ಅದು ಬೇರೆ ಕಥೆ.

ಇದು ಹಾವಿನ ಕಥೆ.

೧. ಒಂದು ಸಣ್ಣ ಕೆಲಸ

ನಮ್ಮ ಆಫೀಸು ಎಲೆಕ್ಟ್ರಾ ಸ್ಟ್ರೀಟಿನಲ್ಲಿ. ಏರ್ ಕಂಡೀಷನರಿನ ಬಿಡಿಭಾಗ ಮಾರುವ ಕಂಪನಿ. ನಾನು ಅಲ್ಲಿ ಅಕೌಂಟೆಂಟ್. ಮ್ಯಾನೇಜರರು ಉಡುಪಿ ಕಡೆಯವರು. ಅವರ ಮನೆ ಆಫೀಸಿನಿಂದ ಮೂರನೇ ಕಟ್ಟಡದಲ್ಲಿದೆ. ಅದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹತ್ತಿರ ಇರುವ ಮನೆಯ ಕೀಲಿಕೈಯನ್ನು ಬೇಡ ಎನ್ನಲು ನೆಪ ಸಿಗುವುದಿಲ್ಲ.

ಆ ದಿನ ನಾನೇ ಅವರ ಕೋಣೆಗೆ ಹೋಗಿದ್ದೆ, ರಜೆಯ ಅರ್ಜಿ ಹಿಡಿದುಕೊಂಡು. ಕ್ರಿಸ್‌ಮಸ್ ಕಳೆದ ಮೂರನೇ ದಿನ ನನ್ನ ತಂಗಿಯ ಮದುವೆ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂದು ಮಾಡುತ್ತಾರೆ, ಅಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರ. ಅಪ್ಪ ಇಲ್ಲ. ಅಣ್ಣನಾಗಿ ನಾನಿಲ್ಲದಿದ್ದರೆ ಹೇಗೆ? ಡಿಸೆಂಬರಿನಲ್ಲಿ ನಮ್ಮ ಆಫೀಸಿನಿಂದ ಒಬ್ಬರಿಗೆ ಮಾತ್ರ ರಜೆ. ಹಾಗಾಗಿ ಐದು ತಿಂಗಳು ಮೊದಲೇ ಅರ್ಜಿ.

ಮ್ಯಾನೇಜರರು ಅರ್ಜಿಯನ್ನು ಓದದೆ ಅದರ ಮೇಲೆ ಚಹಾ ಲೋಟ ಇಟ್ಟರು.

"ನೋಡು ಮಾರಾಯ, ಒಂದು ಸಣ್ಣ ಕೆಲಸ ಉಂಟು. ಮಗ ಒಂದು ಹಾವು ಸಾಕಿದ್ದಾನೆ."

"ಹಾವಾ ಸರ್?"

"ವಿಷ ಇಲ್ಲ. ಪೇಪರ್ ಎಲ್ಲ ಸರಿ ಉಂಟು. ನಾವು ಏಳು ವಾರ ಊರಿಗೆ. ನೀನು ಪ್ರತಿ ಶನಿವಾರ ಹೋಗಿ ಅದಕ್ಕೆ ಒಂದು ಇಲಿ ಕೊಡಬೇಕು."

"ಸರ್, ನನ್ನ ರಜೆ..."

"ರಜೆಯಾ? ಬಂದ ಮೇಲೆ ನೋಡುವ. ಮೊದಲು ಹಾವು ಹೇಗುಂಟು ಅಂತ ನೋಡ್ತೇನೆ, ಮತ್ತೆ ನಿನ್ನ ವಿಷಯ."

ಹೀಗೆ ನನ್ನ ತಂಗಿಯ ಮದುವೆಗೆ ನಾನು ಹೋಗುವುದು ಬಿಡುವುದು ಒಂದು ಹಾವಿನ ಹೊಟ್ಟೆಯ ಮೇಲೆ ನಿಂತಿತು. ಹದಿನಾಲ್ಕು ವರ್ಷದ ಲೆಕ್ಕಪತ್ರದಲ್ಲಿ ಒಂದು ತಪ್ಪೂ ಮಾಡದವನ ಯೋಗ್ಯತೆಯನ್ನು ಅಳೆಯಲು ನಮ್ಮ ಮ್ಯಾನೇಜರರಿಗೆ ಸಿಕ್ಕಿದ ಅಳತೆಗೋಲು ಅದು.

ಹಾವಿನ ಹೆಸರು ಬಿಸ್ಕಿಟ್. ಬಾಲ್ ಪೈಥಾನ್ ಎಂಬ ಜಾತಿ, ಅಂದರೆ ಹೆಬ್ಬಾವಿನಲ್ಲೇ ಗಿಡ್ಡ ತಳಿ. ಮಗನಿಗೆ ಹನ್ನೆರಡು ವರ್ಷ. ಮನೆಯಲ್ಲಿ ಆ ಹಾವಿನ ಬಗ್ಗೆ ಏನಾದರೂ ತಿಳಿದಿದ್ದವನು ಅವನೊಬ್ಬನೇ. ಅವನು ಒಂದು ಕಾಗದ ಕೊಟ್ಟ. ಜೀವಂತ ಇಲಿ ಕೊಡಬಾರದು, ಅದು ಹಾವನ್ನೇ ಕಚ್ಚುತ್ತದೆ. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಇಲಿ ಸಿಗುತ್ತದೆ, ಅದನ್ನೇ ತಂದು ಕರಗಿಸಿ ಕೊಡಬೇಕು. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪ ಇರಬಾರದು. ಇಷ್ಟು ಹೇಳಿ ಅವನು ನನ್ನ ಮುಖ ನೋಡಿದ. "ಅಂಕಲ್, ಪ್ಲೀಸ್ ಡೋಂಟ್ ಕಿಲ್ ಹಿಮ್" ಎಂದ. ನಾನು ಮಾತು ಕೊಟ್ಟೆ.

"ಸರ್, ಪ್ರತಿ ವಾರ ನಿಮಗೆ ವರದಿ ಕಳಿಸಲಾ?" ಎಂದು ಮ್ಯಾನೇಜರರನ್ನು ಕೇಳಿದೆ.

"ಬೇಡವೇ ಬೇಡ. ರಜೆಯಲ್ಲಿ ತಲೆ ತಿನ್ನಬೇಡ. ಸತ್ತರೆ ಮಾತ್ರ ಮೆಸೇಜು ಮಾಡು."

ಯಾರು ಸತ್ತರೆ ಎಂದು ಅವರು ಹೇಳಲಿಲ್ಲ. ಹಾವೇ ಇರಬೇಕೆಂದು ನಾನು ತಿಳಿದುಕೊಂಡೆ.

೨. ಎರಡು ನಿಮಿಷ ಸಾಕು

ಸಾಕುಪ್ರಾಣಿಗಳ ಅಂಗಡಿಗೆ ನಾನು ಅದುವರೆಗೆ ಕಾಲಿಟ್ಟವನಲ್ಲ. ಒಳಗೆ ಹೋದ ಕೂಡಲೇ ಕುತ್ತಿಗೆಪಟ್ಟಿ ಹಾಕಿದ ಸೇಲ್ಸ್‌ಮನ್ ಬಂದ. ಕುತ್ತಿಗೆಪಟ್ಟಿ ಅಂದರೆ ಟೈ. ಅಲ್ಲಿ ನಾಯಿಗಳಿಗೂ ಕುತ್ತಿಗೆಪಟ್ಟಿ ಇದ್ದುದರಿಂದ ವಿವರಿಸಿದೆ.

"ಇಲಿ ಬೇಕಿತ್ತು" ಎಂದೆ.

ಅವನ ಮುಖ ಅರಳಿತು. ನನ್ನನ್ನು ಒಂದು ಗುಲಾಬಿ ಬಣ್ಣದ ಪಂಜರದ ಹತ್ತಿರ ಕರೆದುಕೊಂಡು ಹೋದ. ಒಳಗೆ ಹತ್ತಿಯಂಥ ಒಂದು ಬಿಳಿ ಪ್ರಾಣಿ ಚಕ್ರದಲ್ಲಿ ಓಡುತ್ತಿತ್ತು.

"ಇದು ಹ್ಯಾಮ್‌ಸ್ಟರ್ ಸರ್, ಇಲಿಗಿಂತ ಒಳ್ಳೆಯದು. ಮಗ ಇದ್ದಾನಾ, ಮಗಳಾ?"

"ಇಬ್ಬರೂ ಊರಲ್ಲಿದ್ದಾರೆ."

"ತುಂಬಾ ಪ್ರೀತಿಯ ಪ್ರಾಣಿ ಸರ್. ಕೈಯಲ್ಲೇ ಮಲಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬಾಳುತ್ತದೆ."

"ನನಗೆ ಎರಡು ನಿಮಿಷ ಸಾಕು."

ಇದನ್ನು ನಾನು ತಮಾಷೆಗೆ ಹೇಳಿದ್ದಲ್ಲ. ಹಾವು ನುಂಗಲು ಎಷ್ಟು ಹೊತ್ತು ಬೇಕೋ ಅದನ್ನೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಸೇಲ್ಸ್‌ಮನ್‌ಗೆ ಅರ್ಥವಾಗಲಿಲ್ಲ. "ಹಾವಿಗೆ" ಎಂದು ಬಿಡಿಸಿ ಹೇಳಿದೆ. ಪಕ್ಕದಲ್ಲಿ ಒಬ್ಬ ತಾಯಿ ತನ್ನ ಪುಟ್ಟ ಮಗಳಿಗೆ ಅದೇ ಪಂಜರ ತೋರಿಸುತ್ತಿದ್ದಳು. ಅವಳು ಮಗುವಿನ ಎರಡೂ ಕಿವಿ ಮುಚ್ಚಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಅದೇ ತಾಯಿಯ ತೋಳಿನಲ್ಲಿ ಗ್ರಿಲ್ಡ್ ಚಿಕನ್ ಪೊಟ್ಟಣ ನೇತಾಡುತ್ತಿತ್ತೆಂಬುದನ್ನು ಮಾತ್ರ ಬರೆಯಬಲ್ಲೆ.

ಸೇಲ್ಸ್‌ಮನ್ ಧ್ವನಿ ತಗ್ಗಿಸಿ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದ. ಏನೋ ಕಳ್ಳ ಮಾಲು ಕೊಡುವವನ ಹಾಗೆ ಫ್ರೀಜರಿನ ಮುಚ್ಚಳ ಎತ್ತಿದ. ಇಲಿಗಳು ಅಂಗಿಗಳ ಹಾಗೆ ಅಳತೆ ಪ್ರಕಾರ ಇದ್ದವು. ಕೂದಲೇ ಬಾರದ ಗುಲಾಬಿ ಮರಿ, ಸ್ವಲ್ಪ ಕೂದಲು ಬಂದದ್ದು, ನೆಗೆಯುವ ಪ್ರಾಯದ್ದು, ದೊಡ್ಡದು.

"ನಿಮ್ಮ ಹಾವು ಎಷ್ಟು ದಪ್ಪ ಇದೆ?"

ಅಳತೆ ಮಾಡುವ ಧೈರ್ಯ ನನಗೆ ಬಂದಿರಲಿಲ್ಲ. ನೆನಪಿನಿಂದ ನನ್ನ ಮುಂಗೈ ತೋರಿಸಿ, ಇಷ್ಟು ಎಂದೆ. ಅವನು ಗಂಭೀರವಾಗಿ ನನ್ನ ಮುಂಗೈಯನ್ನು ಬೆರಳಿನಿಂದ ಸುತ್ತಿ ನೋಡಿದ. ಹಾವು ಸಾಕುವವರ ಸೇವೆ ಮಾಡುತ್ತೇವೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದ ಅಂಗಡಿಯಲ್ಲಿ ಇದ್ದ ಅಳತೆಯ ಪದ್ಧತಿ ಇಷ್ಟೇ. ಆಮೇಲೆ ಅವನು ತನ್ನ ಪರಿಣತ ಅಭಿಪ್ರಾಯ ಕೊಟ್ಟ.

"ಸರ್, ನೀವು ಸ್ವಲ್ಪ ಸಪೂರ ಇದ್ದೀರಿ. ಸಣ್ಣದೇ ಸಾಕು."

ಆ ಸಣ್ಣದನ್ನು ಮೊದಲ ಶನಿವಾರ ಬಿಸ್ಕಿಟ್‌ನ ಮುಂದೆ ಚಿಮಟದಲ್ಲಿ ಹಿಡಿದೆ. ಅದು ಮೂಸಿಯೂ ನೋಡಲಿಲ್ಲ. ಇಡೀ ಮೈ ಸುರುಳಿ ಸುತ್ತಿ, ತಲೆಯನ್ನು ಒಳಗೆ ಹುದುಗಿಸಿತು. ನಾನು ಒಂದು ಗಂಟೆ ಹಾಗೇ ಹಿಡಿದು ನಿಂತಿದ್ದೆ. ಕೊನೆಗೆ ನನ್ನ ಕೈಯೇ ಸೋತಿತು.

೩. ಅಂಜಲ್ ಎಂದು ಬರೆದ ಪೊಟ್ಟಣ

ಎರಡನೇ ವಾರ ನಾನು ದೊಡ್ಡ ಅಳತೆಯದನ್ನೇ ತಂದೆ, ಒಂದಲ್ಲ, ನಾಲ್ಕು. ಈಗ ಅವುಗಳನ್ನು ಇಡುವುದೆಲ್ಲಿ? ಮ್ಯಾನೇಜರರ ಹೆಂಡತಿ ಹೋಗುವಾಗ ಫ್ರಿಜ್ ಖಾಲಿ ಮಾಡಿ, ಆಫ್ ಮಾಡಿ, ಬಾಗಿಲಿಗೆ ಟೇಪು ಅಂಟಿಸಿದ್ದರು. ಆದ್ದರಿಂದ ನಾನಿರುವ ಮನೆಯ ಫ್ರೀಜರಿಗೇ ಇಲಿಗಳು ಬಂದವು.

ನಮ್ಮಲ್ಲಿ ಆರು ಜನ ಇದ್ದೇವೆ, ಎಲ್ಲ ಕರಾವಳಿಯವರು. ಫ್ರೀಜರಿನಲ್ಲಿ ಪ್ರತಿಯೊಬ್ಬನ ಮೀನಿನ ಪೊಟ್ಟಣಕ್ಕೂ ಹೆಸರು ಬರೆದ ಚೀಟಿ ಇರುತ್ತದೆ. ಬೇರೆಯವನ ಪೊಟ್ಟಣ ಮುಟ್ಟಬಾರದು ಎಂಬುದು ನಿಯಮ. ಆದರೂ ಮೂರು ವರ್ಷಗಳಿಂದ ಯಾರೋ ಒಬ್ಬ ಪ್ರತಿ ಪೊಟ್ಟಣದಿಂದ ಒಂದೆರಡು ತುಂಡು ಎಗರಿಸುತ್ತಿದ್ದ. ಅಗ್ಗದ ಬೂತಾಯಿ ಮುಟ್ಟುತ್ತಿರಲಿಲ್ಲ. ದುಬಾರಿಯ ಅಂಜಲ್, ಪಾಂಪ್ಲೆಟ್ ಮಾತ್ರ. ರುಚಿ ಬಲ್ಲ ಕಳ್ಳ.

ಇದರ ಬಗ್ಗೆ ಎಲ್ಲರಿಗಿಂತ ಹೆಚ್ಚು ನೊಂದುಕೊಂಡವರು ನಮ್ಮ ಹಿರಿಯರು. ಹಿರಿಯರು ಅಂದರೆ, ಯಾರ ಹೆಸರಿನಲ್ಲಿ ಮನೆಯ ಬಾಡಿಗೆ ಕರಾರು ಇದೆಯೋ ಅವರು. ತಿಂಗಳಿಗೊಮ್ಮೆ ನಮ್ಮೆಲ್ಲರನ್ನೂ ಕೂರಿಸಿ, "ಒಂದು ತುಂಡು ಮೀನಿಗೆ ಮನುಷ್ಯ ಇಷ್ಟು ಕೆಳಗೆ ಇಳಿಯಬಹುದಾ ಮಾರಾಯ್ರೆ?" ಎಂದು ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಿದ್ದರು. ಮಾತಾಡುವಾಗ ಅವರ ಕಣ್ಣು ತೇವವಾಗುತ್ತಿತ್ತು.

ಇಲಿ ಎಂದು ಚೀಟಿ ಬರೆದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಹಾಗಾಗಿ ಗಟ್ಟಿ ಡಬ್ಬಿಯೊಳಗೆ ಇಟ್ಟು, ಮೇಲೆ ಬೆಳ್ಳಿ ಕಾಗದ ಸುತ್ತಿ, ನನ್ನ ಹೆಸರು ಬರೆದು, ಕೆಳಗೆ "ಅಂಜಲ್, ದೊಡ್ಡ ತುಂಡು" ಎಂದು ಸೇರಿಸಿದೆ. ಇದರಲ್ಲಿ ನನಗೆ ಕೆಟ್ಟ ಉದ್ದೇಶ ಇರಲಿಲ್ಲ. ದೊಡ್ಡ ತುಂಡು ಎಂದು ಯಾಕೆ ಬರೆದೆನೋ ಗೊತ್ತಿಲ್ಲ, ಇಲಿಗಳು ದೊಡ್ಡವಿದ್ದವು ಎಂಬುದು ತಲೆಯಲ್ಲಿತ್ತು.

ಶುಕ್ರವಾರ ಮಧ್ಯಾಹ್ನ. ಇಲ್ಲಿ ಶುಕ್ರವಾರ ಅರ್ಧ ದಿನ ಕೆಲಸ. ನಾವು ನಾಲ್ಕು ಜನ ಊಟಕ್ಕೆ ಕೂರುವುದರಲ್ಲಿದ್ದೆವು. ಅಡುಗೆಮನೆಯಿಂದ ಒಂದು ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ಹಿರಿಯರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾರೆ. ಒಂದು ಕೈಯಲ್ಲಿ ಮಸಾಲೆ ಕಲಸಿದ ಬಟ್ಟಲು. ಎದುರಿಗೆ ಬಿಡಿಸಿದ ಬೆಳ್ಳಿ ಕಾಗದ, ತೆರೆದ ಡಬ್ಬಿ, ಅದರಲ್ಲಿ ಸಾಲಾಗಿ ಮಲಗಿದ ನಾಲ್ಕು ಇಲಿ.

"ನನ್ನ ಅಂಜಲ್ ಪೊಟ್ಟಣಕ್ಕೆ ಇಲಿ ಹಾಕಿದ್ದು ಯಾವನು?" ಎಂದು ಅವರು ಗುಡುಗಿದರು.

ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುವ ನಮ್ಮ ರೂಮ್‌ಮೇಟ್ ಬಗ್ಗಿ ಚೀಟಿ ಓದಿದ. ನನ್ನ ಹೆಸರನ್ನು ಗಟ್ಟಿಯಾಗಿ ಓದಿದ. ಆಮೇಲೆ ತುಂಬಾ ಮರ್ಯಾದೆಯಿಂದ ಕೇಳಿದ:

"ಅಣ್ಣ, ಮಸಾಲೆ ನೀವೇ ಹಚ್ಚುತ್ತೀರಾ, ನಾನು ಹಚ್ಚಲಾ?"

ಪ್ರಾಮಾಣಿಕತೆಯ ಸಭೆ ಆ ತಿಂಗಳಿನಿಂದ ನಿಂತುಹೋಯಿತು. ಬಿಸ್ಕಿಟ್ ಮಾತ್ರ ಮರುದಿನ ಆ ದೊಡ್ಡ ಇಲಿಯನ್ನೂ ಮುಟ್ಟಲಿಲ್ಲ.

೪. ತಜ್ಞರು

ಎರಡು ವಾರ ಉಪವಾಸ! ನನಗೆ ನಿದ್ದೆ ಬರಲಿಲ್ಲ. ಹಾವು ಸತ್ತರೆ ಹುಡುಗನಿಗೆ ಏನು ಹೇಳುವುದು, ತಂಗಿಗೆ ಏನು ಹೇಳುವುದು? ನಮ್ಮ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹೇಳದೆ, "ಗೆಳೆಯನೊಬ್ಬನ ಹಾವು ಊಟ ಮಾಡುತ್ತಿಲ್ಲ" ಎಂದು ಬರೆದೆ. ಇದು ದೊಡ್ಡ ತಪ್ಪು.

ಆ ಗುಂಪಿನಲ್ಲಿ ಯಾರಾದರೂ ಸತ್ತರೆ ಮೂರು ಜನ ಉತ್ತರಿಸುತ್ತಾರೆ. ಹಾವಿಗೆ ನಲವತ್ತು ಜನ ಉತ್ತರಿಸಿದರು. ಒಬ್ಬನೂ ಹಾವು ಸಾಕಿದವನಲ್ಲ. ಒಬ್ಬ ಮೊಟ್ಟೆ ಕೊಡಿ ಎಂದ, ಇನ್ನೊಬ್ಬ ಬೇಯಿಸಿದ ಮೊಟ್ಟೆ ಎಂದು ತಿದ್ದಿದ. ಕೋಳಿಯ ಲಿವರ್ ಎಂದ ಒಬ್ಬ. ಒಬ್ಬರು ಬೂತಾಯಿ ಕೊಡಿ, ಅದರಲ್ಲಿ ಒಮೆಗಾ ಇದೆ ಎಂದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬರು, ನಾನು ಇಲಿಯ ವಿಷಯವನ್ನೇ ಬರೆದಿದ್ದರೂ, "ಓಟ್ಸ್ ಟ್ರೈ ಮಾಡಿದ್ದೀರಾ?" ಎಂದು ಕೇಳಿದರು. ಇಂಥವರು ಜನರಿಗೆ ಸಾಲ ಕೊಡಬಹುದೇ ಬಾರದೇ ಎಂದು ದಿನವಿಡೀ ತೀರ್ಮಾನಿಸುತ್ತಾರೆ.

ರುವೈಸಿನ ಎಂಜಿನಿಯರ್ ಒಬ್ಬರು ಮಾತ್ರ ಬರೆಯಲಿಲ್ಲ. ಏಳು ನಿಮಿಷದ ಧ್ವನಿ ಸಂದೇಶ ಕಳಿಸಿದರು. ಅವರು ತೈಲ ಶುದ್ಧೀಕರಣ ಘಟಕದಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಸಾರಾಂಶ ಇಷ್ಟು: ಹಾವು ಬೇಟೆಯನ್ನು ಶಾಖದಿಂದ ಗುರುತಿಸುತ್ತದೆ, ನಿಮ್ಮ ಇಲಿ ತಣ್ಣಗಿದೆ, ಹಾವಿನ ಮಟ್ಟಿಗೆ ಅದು ಇಲಿಯೇ ಅಲ್ಲ. ಇದು ಸರಿಯಾದ ಮಾತು. ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡೆ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಅವರು ಎಂಜಿನಿಯರ್ ಹೇಗಾದಾರು?

ಮೂರನೇ ಶನಿವಾರ ನಾನು ಇಲಿಯನ್ನು ಬಿಸಿ ಮಾಡುವಾಗ ಅವರು ಫೋನಿನಲ್ಲೇ ಇದ್ದರು.

"ಮೇಲ್ಮೈ ಟೆಂಪರೇಚರ್ ಎಷ್ಟು ಬಂತು?"

"ಗೊತ್ತಿಲ್ಲ ಸರ್, ಮುಟ್ಟಿದರೆ ಬೆಚ್ಚಗಿದೆ."

"ಬೆಚ್ಚಗೆ ಅಂದರೆ ಎಂತದು? ನಂಬರ್ ಹೇಳಿ. ಒಳಗೆ ಎಷ್ಟು, ಹೊರಗೆ ಎಷ್ಟು? ತಲೆ ಭಾಗ ಮತ್ತು ಬಾಲದ ಭಾಗ ಬೇರೆ ಬೇರೆ ಹೇಳಿ."

ಬಿಸಿನೀರಿನಲ್ಲಿ ಅದ್ದಿದ್ದರಿಂದ ಇಲಿ ಒದ್ದೆಯಾಗಿತ್ತು. ಒಣಗಿಸಿ ಎಂದರು. ಮ್ಯಾನೇಜರರ ಹೆಂಡತಿಯ ಕೂದಲು ಒಣಗಿಸುವ ಯಂತ್ರ ಕನ್ನಡಿಯ ಹತ್ತಿರ ಇತ್ತು. ತಪ್ಪು ಎಂದು ಗೊತ್ತಿದ್ದೇ ಉಪಯೋಗಿಸಿದೆ. ಬಿಸಿ ಗಾಳಿ ತಾಗಿ ಇಲಿಯ ಕೂದಲೆಲ್ಲ ಅರಳಿ, ಅದು ಮದುವೆಗೆ ಹೊರಟಂತೆ ಕಾಣತೊಡಗಿತು. ಬಿಸ್ಕಿಟ್ ತಲೆ ಎತ್ತಿತು. ನಾಲಗೆ ಎರಡು ಸಲ ಹೊರಗೆ ಬಂತು. ಆಮೇಲೆ ಅದು ನಿಧಾನವಾಗಿ ತಿರುಗಿ ತನ್ನ ಗುಡಿಸಲಿನೊಳಗೆ ಹೋಯಿತು. ಗುಡಿಸಲು ಅಂದರೆ ಹಾವಿನ ಗಾಜಿನ ತೊಟ್ಟಿಯಲ್ಲಿ ಇಟ್ಟ ತೆಂಗಿನ ಚಿಪ್ಪಿನಂಥ ಒಂದು ಗೂಡು.

"ತಿನ್ನಲಿಲ್ಲ ಸರ್" ಎಂದೆ.

ಎಂಜಿನಿಯರ್ ತೀರ್ಪು ಕೊಟ್ಟರು. "ಹಾಗಾದರೆ ಇಲಿ ಸರಿ ಉಂಟು. ಹಾವು ಬದಲಾಯಿಸಿ."

೫. ನೈಫ್‌ನಲ್ಲಿ ಸಿಗದ ಒಂದೇ ವಸ್ತು

ಕೆಲವು ಹಾವುಗಳು ಬಿಳಿ ಇಲಿಯನ್ನು ಒಪ್ಪುವುದಿಲ್ಲ, ಕಂದು ಇಲಿಯೇ ಬೇಕು ಎಂದು ಎಲ್ಲೋ ಓದಿದೆ. ಕಂದು ಇಲಿ ನಮ್ಮ ಅಂಗಡಿಯಲ್ಲಿ ಇರಲಿಲ್ಲ. "ನೈಫ್‌ಗೆ ಹೋಗು, ಅಲ್ಲಿ ಸಿಗದ್ದು ಯಾವುದೂ ಇಲ್ಲ" ಎಂದ ಹೋಟೆಲಿನ ರೂಮ್‌ಮೇಟ್. ನೈಫ್ ದುಬೈನ ಹಳೇ ಪೇಟೆ. ಅಬುಧಾಬಿಯಿಂದ ಬಸ್ಸಿನಲ್ಲಿ ಎರಡು ಗಂಟೆ, ಆಮೇಲೆ ಮೆಟ್ರೋ, ಆಮೇಲೆ ಆಗಸ್ಟ್ ಬಿಸಿಲಿನಲ್ಲಿ ನಡಿಗೆ.

ಮೊದಲ ಅಂಗಡಿಯವನು ನಾನು ಇಲಿ ಎಂದ ಕೂಡಲೇ ಅಂಟಿನ ಹಲಗೆ ತೆಗೆದ. ಎರಡನೆಯವನು ಬೋನು ತೋರಿಸಿದ, ಅದರಲ್ಲೂ ಮೂರು ದೇಶದ್ದು. ಮೂರನೆಯವನ ಹತ್ತಿರ ಗೋಡೆಗೆ ಸಿಕ್ಕಿಸಿದರೆ ಇಲಿಗೆ ಮಾತ್ರ ಕೇಳಿಸುವ ಶಬ್ದ ಮಾಡುವ ಯಂತ್ರ ಇತ್ತು.

"ನನಗೆ ಇಲಿ ಓಡಿಸುವುದು ಬೇಡ, ಇಲಿ ಬೇಕು" ಎಂದೆ.

ಅವನು ಕೇರಳದವನು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. "ಚೇಟ್ಟಾ, ಬಿಸಿಲಿಗೆ ಹಾಗಾಗುತ್ತದೆ. ಮನೆಯಲ್ಲಿ ಇಲಿ ಇದೆಯಾ?"

"ಇಲ್ಲ."

"ಇಲ್ಲದಿದ್ದರೆ ಒಳ್ಳೆಯದಲ್ಲವಾ?"

"ಇಲ್ಲವಲ್ಲ ಎಂದೇ ಬಂದದ್ದು."

ಅವನು ಹೊರಗೆ ಹೋಗಿ ಪಕ್ಕದ ಅಂಗಡಿಯವನನ್ನು ಕರೆದುಕೊಂಡು ಬಂದ, ಆತ ಇನ್ನಿಬ್ಬರನ್ನು. ಕತ್ತರಿಯಿಂದ ಹಿಡಿದು ಚಿನ್ನದವರೆಗೆ ಎಲ್ಲ ಮಾರುವ ಪೇಟೆಯ ನಾಲ್ವರು ವ್ಯಾಪಾರಿಗಳು ನನ್ನ ಸುತ್ತ ನಿಂತು, ನಾನು ಕೇಳಿದ್ದೇನೆಂದು ಅರ್ಥಮಾಡಿಕೊಳ್ಳಲು ನೋಡಿದರು. ಕೊನೆಗೆ ಒಬ್ಬನಿಗೆ ಹೊಳೆಯಿತು. "ನನ್ನ ಗೋದಾಮಿನ ಹಿಂದೆ ಬೇಕಾದಷ್ಟಿವೆ. ಯಲ್ಲಾ, ನಡೆಯಿರಿ, ನೀವೇ ಹಿಡಿದುಕೊಳ್ಳಿ, ಪುಣ್ಯ ಬರುತ್ತದೆ" ಎಂದ. ಬೀದಿಯ ಇಲಿ ವಿಷ ತಿಂದಿರಬಹುದು, ಹಾವಿಗೆ ಕೊಡಬಾರದು ಎಂದು ನಾನು ಹೇಳಿದೆ. ಅಷ್ಟರಲ್ಲಿ ಅವನು ಪೊರಕೆ ತಂದಿದ್ದ.

ಬರಿಗೈಯಲ್ಲಿ ವಾಪಸು ಬಂದೆ. ಆದರೆ ಬಸ್ ನಿಲ್ದಾಣದಲ್ಲಿ ಸುಲೈಮಾನಿ ಕುಡಿಯುತ್ತಾ ಕುಳಿತಾಗ (ಹಾಲಿಲ್ಲದ ಚಹಾಕ್ಕೆ ಇಲ್ಲಿ ಹಾಗೆನ್ನುತ್ತಾರೆ) ಬಟ್ಟೆಯ ಮೇಲೆ ಎರಡು ಹನಿ ಬಿದ್ದು ಕಂದು ಕಲೆಯಾಯಿತು. ನನಗೆ ಉಪಾಯ ಹೊಳೆಯಿತು. ನಾಲ್ಕನೇ ಶನಿವಾರ ನಮ್ಮ ಮನೆಯ ಚಹಾ ಪಾತ್ರೆಯಲ್ಲೇ ಗಟ್ಟಿ ಡಿಕಾಕ್ಷನ್ ಮಾಡಿ ಬಿಳಿ ಇಲಿಯನ್ನು ಮುಳುಗಿಸಿದೆ. ಬಣ್ಣ ಚೆನ್ನಾಗಿ ಬಂತು. ಬಿಸ್ಕಿಟ್ ತಿನ್ನಲಿಲ್ಲ. ಅದು ಹೋಗಲಿ. ಮರುದಿನ ನಮ್ಮ ಮನೆಯಲ್ಲಿ ಚಹಾ ಮಾಡಿದ ರೂಮ್‌ಮೇಟ್, "ಇವತ್ತಿನ ಚಹಾಕ್ಕೆ ಎಂತ ಹಾಕಿದ್ದೇನೆ ಅಂತ ಗೊತ್ತುಂಟಾ? ಏಲಕ್ಕಿ!" ಎಂದು ಲೋಟ ಕೊಟ್ಟಾಗ, ನಾನು ಪಾತ್ರೆಯನ್ನು ಎರಡು ಸಲ ತೊಳೆದಿದ್ದೆನೋ ಮೂರು ಸಲವೋ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

೬. ಒಂದು ಪ್ರಾಮಾಣಿಕ ದೂರು

ಐದನೇ ಶನಿವಾರವೂ ಖಾಲಿ ಹೋಯಿತು. ಅದಕ್ಕಿಂತ ಭಯದ ಸಂಗತಿ, ಬಿಸ್ಕಿಟ್‌ನ ಮೈ ಮಧ್ಯದಲ್ಲಿ ಊದಿಕೊಂಡಿತ್ತು. ಐದು ವಾರ ಏನೂ ತಿನ್ನದ ಪ್ರಾಣಿ ಊದುವುದೆಂದರೆ ಗಡ್ಡೆಯೇ ಎಂದುಕೊಂಡೆ. ಮುಂದಿನ ಶುಕ್ರವಾರ ಮಧ್ಯಾಹ್ನ ಆಫೀಸು ಮುಗಿದ ಕೂಡಲೇ ಅದನ್ನು ಗಾಳಿ ಆಡುವ ಪೆಟ್ಟಿಗೆಗೆ ಹಾಕಿಕೊಂಡು ಪಶುವೈದ್ಯರ ಕ್ಲಿನಿಕ್ಕಿಗೆ ಹೋದೆ. ಮುಟ್ಟಿದ್ದು ಅದೇ ಮೊದಲು. ಜೀವ ಹೋದಂತಾಯಿತು, ನನ್ನದು.

ಡಾಕ್ಟರಮ್ಮ ಲೆಬನಾನಿನವರು. ಬಿಸ್ಕಿಟ್‌ನ ಹೆಸರಿನಲ್ಲಿ ಅಲ್ಲಿ ಮೊದಲೇ ಫೈಲ್ ಇತ್ತು. ತೊಂದರೆ ಏನು ಎಂದು ಕೇಳಿದರು. ನಾನು ಮುಚ್ಚುಮರೆ ಇಲ್ಲದೆ ಹೇಳಿದೆ. ಐದು ವಾರದಿಂದ ನನ್ನ ಕೈಯಿಂದ ಒಂದು ಇಲಿಯನ್ನೂ ತಿಂದಿಲ್ಲ, ಸಣ್ಣದು, ದೊಡ್ಡದು, ಬಿಸಿಯದು, ಚಹಾ ಬಣ್ಣದ್ದು, ಯಾವುದೂ ಆಗಲಿಲ್ಲ, ತಪ್ಪೆಲ್ಲ ನನ್ನದೇ. ಅವರು ಅದನ್ನು ಹಾಗೆಯೇ ಟೈಪ್ ಮಾಡಿಕೊಂಡು ಎಕ್ಸ್‌ರೇ ತೆಗೆದರು. ಚಿತ್ರ ನೋಡಿ ನನ್ನ ಕಡೆ ತಿರುಗಿದರು.

"ಇಲ್ಲಿ ಒಂದು ಇಲಿಯ ಎಲುಬು ಇದೆ, ಇಲ್ಲಿ ಇನ್ನೊಂದು. ಇದು ಹಕ್ಕಿ. ಇದು ಹಸಿದ ಹಾವಲ್ಲ. ಇದು ಶುಕ್ರವಾರದ ಬಫೆ ಮುಗಿಸಿ ಬಂದ ಹಾವು."

"ಆದರೆ ಇದು ತಿನ್ನುವುದೇ ಇಲ್ಲ ಮೇಡಮ್!"

"ನಿಮ್ಮಿಂದ ತಿನ್ನುವುದಿಲ್ಲ. ಜಾಗ ಇದ್ದರೆ ತಾನೇ? ಬೊಜ್ಜು ಬಂದಿದೆ. ಹೀಗೇ ಆದರೆ ಸಾಯುತ್ತದೆ. ಒಂದು ತಿಂಗಳು ಆಹಾರ ಖಲಾಸ್."

ಉಪವಾಸದಿಂದ ಉಳಿಸಲು ಕರೆತಂದವನು ಉಪವಾಸದ ಚೀಟಿ ಹಿಡಿದು ಹೊರಟೆ. ವರದಿ ಫೈಲಿನಲ್ಲಿದ್ದ ಇಮೇಲ್‌ಗೆ ಹೋಗುತ್ತದೆ ಎಂದರು. ಆ ಇಮೇಲ್ ಹುಡುಗನದ್ದು.

ಮ್ಯಾನೇಜರರ ಮನೆಯ ಬಾಗಿಲು ತೆರೆದಿತ್ತು. ಒಳಗೆ ನಮ್ಮ ಆಫೀಸಿನ ಸ್ಟೋರ್‌ಕೀಪರ್ ಅಣ್ಣ ಸೋಫಾದ ಕೆಳಗೆ ಟಾರ್ಚ್ ಹಾಕಿಕೊಂಡು ಮಲಗಿದ್ದರು. ರಿಸೆಪ್ಷನಿಸ್ಟ್ ಅಕ್ಕ ಊಟದ ಮೇಜಿನ ಮೇಲೆ ಚಪ್ಪಲಿ ಸಮೇತ ನಿಂತಿದ್ದರು.

"ಹತ್ತಿರ ಬರಬೇಡ!" ಎಂದು ಅಕ್ಕ ಕಿರುಚಿದರು. "ಹಾವು ತಪ್ಪಿಸಿಕೊಂಡಿದೆ!"

"ಅದು ನನ್ನ ಕೈಯಲ್ಲಿದೆ" ಎಂದೆ.

ವಿಷಯ ಹೀಗೆ. ಸ್ಟೋರ್ ಅಣ್ಣ ಪ್ರತಿ ಶುಕ್ರವಾರ ಬರುತ್ತಿದ್ದರು. ಈ ದಿನ ತೊಟ್ಟಿ ಖಾಲಿ ಕಂಡು ಹೆದರಿ, ಮ್ಯಾನೇಜರರ ಊರಿನ ನಂಬರ್ ಕೇಳಲು ಅಕ್ಕನಿಗೆ ಫೋನ್ ಮಾಡಿದರು. ಅಕ್ಕ "ಅಲ್ಲಿ ನಿಮಗೇನು ಕೆಲಸ? ಹಾವಿಗೆ ಹಾಕುವವಳು ನಾನು, ಪ್ರತಿ ಬುಧವಾರ!" ಎಂದು ಟ್ಯಾಕ್ಸಿಯಲ್ಲಿ ಓಡಿಬಂದರು. ಮೂವರಿಗೂ ಒಂದೊಂದು ಕೀಲಿಕೈ, ಒಂದೊಂದು ದಿನ. ನಮ್ಮ ಮ್ಯಾನೇಜರರು ಆಫೀಸಿನಲ್ಲೂ ಹೀಗೆಯೇ. ಒಂದೇ ಕೊಟೇಷನ್ನನ್ನು ಮೂರು ಜನರಿಂದ ಗುಟ್ಟಾಗಿ ಮಾಡಿಸುತ್ತಾರೆ. ಯಾರನ್ನೂ ನಂಬದಿರುವುದನ್ನೇ ಆಡಳಿತ ಎಂದುಕೊಂಡವರು. ಅಕ್ಕನಿಗೆ ಡಿಸೆಂಬರಿನಲ್ಲಿ ಹೊಸ ಮನೆಯ ಒಕ್ಕಲಿಗೆ ರಜೆ ಬೇಕಿತ್ತು. ಸ್ಟೋರ್ ಅಣ್ಣನಿಗೆ ಮನೆಯ ದೈವದ ಕೋಲಕ್ಕೆ. ಇಬ್ಬರಿಗೂ ಸಿಕ್ಕಿದ ಉತ್ತರ ಒಂದೇ: ಮೊದಲು ಹಾವು ಹೇಗುಂಟು ಅಂತ ನೋಡುವ.

"ನೀವು ಎಂತ ಕೊಡುತ್ತಿದ್ದಿರಿ?" ಎಂದು ಅಣ್ಣನನ್ನು ಕೇಳಿದೆ.

"ಕಾಡೆ ಹಕ್ಕಿ, ಅದೇ ಲಾವಕ್ಕಿ. ಇಲಿ ಗಣಪತಿಯ ವಾಹನ ಅಲ್ಲವಾ? ನನ್ನ ಕೈಯಿಂದ ಹೇಗೆ ಕೊಡುವುದು?"

"ಅಕ್ಕ, ನೀವು?"

"ಇಲಿ. ಎರಡೆರಡು. ಒಂದು ತಿಂದು ನನ್ನನ್ನೇ ನೋಡಿತು, ಪಾಪ. ಒಂದೇ ಬಡಿಸಿ ಹೇಗೆ ಎದ್ದು ಹೋಗುವುದು ಮಾರಾಯ?"

ಅಷ್ಟರಲ್ಲಿ ನನ್ನ ಫೋನಿಗೆ ಉಡುಪಿಯಿಂದ ವಿಡಿಯೋ ಕರೆ ಬಂತು. ಮ್ಯಾನೇಜರರು, ಪಕ್ಕದಲ್ಲಿ ಟ್ಯಾಬ್ ಹಿಡಿದ ಹುಡುಗ. ಅವನ ಕಣ್ಣು ಕೆಂಪಾಗಿತ್ತು. ನಾವು ಮೂವರು ಪೆಟ್ಟಿಗೆ ಮಧ್ಯೆ ಇಟ್ಟುಕೊಂಡು ಸಾಲಾಗಿ ನಿಂತೆವು.

"ಡಾಕ್ಟರ್ ಬರೆದಿದ್ದಾರೆ, ಯಾರೋ ತಿನ್ನಿಸಿ ತಿನ್ನಿಸಿ ಸಾಯಿಸ್ಲಿಕ್ಕೆ ಹೊರಟಿದ್ದಾರೆ ಅಂತ" ಎಂದರು ಮ್ಯಾನೇಜರರು. "ಯಾರು ತಿನ್ನಿಸಿದ್ದು? ಈಗ ಹೇಳಿ."

ಐದು ನಿಮಿಷದ ಹಿಂದೆ ಹಾವಿಗೆ ಹಾಕುವವಳು ನಾನು ಎಂದು ಕೂಗಿದ ಅಕ್ಕ, "ಸರ್, ನಾನು ಬರೀ ಲೈಟು ನೋಡ್ಲಿಕ್ಕೆ ಬರ್ತಿದ್ದೆ" ಎಂದರು.

ಸ್ಟೋರ್ ಅಣ್ಣ ಕಾಡೆ ಹಕ್ಕಿಯ ಚೀಲವನ್ನು ಕಾಲಿನಿಂದ ಸೋಫಾದ ಕೆಳಗೆ ತಳ್ಳಿ, "ನಾನು ನೀರು ಮಾತ್ರ ಬದಲಿಸಿದ್ದು ಸರ್" ಎಂದರು.

"ಮತ್ತೆ ನೀನು?"

"ನಾನು ತಿನ್ನಿಸಲಿಕ್ಕೆ ನೋಡಿದೆ ಸರ್. ಐದು ವಾರ. ಅದು ನನ್ನಿಂದ ಒಂದನ್ನೂ ತಿನ್ನಲಿಲ್ಲ."

"ಸುಳ್ಳು!"

"ನೋ ಪಪ್ಪಾ," ಎಂದ ಹುಡುಗ, ಕಣ್ಣು ಒರೆಸಿಕೊಂಡು. ವರದಿಯನ್ನು ಗಟ್ಟಿಯಾಗಿ ಓದಿದ. ಐದು ವಾರದಿಂದ ಈ ವ್ಯಕ್ತಿಯ ಕೈಯಿಂದ ಹಾವು ಒಂದು ಇಲಿಯನ್ನೂ ತಿಂದಿಲ್ಲ, ಎಲ್ಲ ಪ್ರಯತ್ನ ವಿಫಲ. ಕೆಳಗೆ ಡಾಕ್ಟರಮ್ಮನ ಸಹಿ, ಕ್ಲಿನಿಕ್ಕಿನ ಮುದ್ರೆ. "ಅಂಕಲ್ ಈಸ್ ದ ಓನ್ಲಿ ಒನ್ ಹೂ ಫೆಡ್ ಹಿಮ್ ನಥಿಂಗ್!"

ಮ್ಯಾನೇಜರರು ನನ್ನನ್ನು ಸರಿಯಾಗಿ ನೋಡಿದರು. ಬಹುಶಃ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ.

ಅಕ್ಕ ಮತ್ತು ಅಣ್ಣನಿಗೆ ಜನವರಿಯಲ್ಲಿ ರಜೆ ಸಿಕ್ಕಿತು. ನನ್ನ ಅರ್ಜಿ ಮರುವಾರವೇ ಸಹಿಯಾಗಿ ಬಂತು. ನಮ್ಮ ಕಂಪನಿಯ ರಜೆ ಫಾರಮಿನಲ್ಲಿ, ಇವನಿಗೇ ಯಾಕೆ ಮಂಜೂರು ಮಾಡಲಾಗಿದೆ ಎಂದು ಮ್ಯಾನೇಜರ್ ಒಂದು ಸಾಲು ಬರೆಯಬೇಕು. ಅವರು ತಮ್ಮ ಕೈಯಾರೆ ಬರೆದಿದ್ದರು: "ವಹಿಸಿದ ಕೆಲಸವನ್ನು ಒಂದು ಸಲವೂ ಮಾಡಲಿಲ್ಲ."